ಸೇಬಿಗೆ ಇಷ್ಟು ಮರ್ಯಾದೆ ಏಕೆ?

ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೊರಟವರು ದಾರಿಯಲ್ಲಿ ನಿಂತು ಸೇಬು ಕಟ್ಟಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಸೀಬೆಹಣ್ಣನ್ನೋ ಪರಂಗಿಯನ್ನೋ ಒಯ್ದರೆ ಕೊಡುವವರಿಗೆ ಸಂಕೋಚ, ತೆಗೆದುಕೊಳ್ಳುವವರಿಗೂ ಅಷ್ಟಕ್ಕಷ್ಟೆ. ಕರ್ನಾಟಕದ ತೋಟಗಳಲ್ಲಿ ಹೆಚ್ಚುಕಡಿಮೆ ಕಾಣಸಿಗದ ಹಣ್ಣೊಂದು ಇಲ್ಲಿ ಆರೋಗ್ಯಕ್ಕೆ ಇನ್ನೊಂದು ಹೆಸರು ಎಂಬಂತಾಗಿದೆ. ಈ ಪಟ್ಟ ಅದಕ್ಕೆ ಒಳಗಿನ ಸತ್ವದಿಂದ ಬಂತೇ, ಅಥವಾ ಅದು ನಡೆದು ಬಂದ ದಾರಿಯಿಂದಲೇ? ಎರಡೂ ಕಡೆಗೆ ಹೇಳುವುದಕ್ಕಿದೆ. ಅದಕ್ಕೇ ಇಲ್ಲಿ ವಾದವನ್ನು ಇಬ್ಬರಿಗೆ ಹಂಚಿದೆ. ಒಬ್ಬರು ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಸೇಬಿನ ಪಕ್ಷದವರು. ಇನ್ನೊಬ್ಬಳು ಆಹಾರ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿ, ಲೆಕ್ಕ ನೋಡದೆ ಯಾವ ಹಣ್ಣಿಗೂ ಕೈಮುಗಿಯದವಳು.

ವಿದ್ಯಾರ್ಥಿನಿ: ಸರ್, ಮೊದಲು ಲೆಕ್ಕ ಮುಂದಿಟ್ಟುಬಿಡ್ತೀನಿ. ಸಿಪ್ಪೆ ಸಮೇತ 100 ಗ್ರಾಂ ಸೇಬು ತಗೊಂಡರೆ ಅದರಲ್ಲಿ ಸುಮಾರು 86 ಗ್ರಾಂ ಬರೀ ನೀರು. ಶಕ್ತಿ 52 ಕಿಲೋಕ್ಯಾಲರಿ, ಸಕ್ಕರೆ 10 ಗ್ರಾಂಗಿಂತ ಸ್ವಲ್ಪ ಮೇಲೆ, ನಾರು 2.4 ಗ್ರಾಂ, ಸಿ ಜೀವಸತ್ವ 5 ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ ನಾರು 5 ಗ್ರಾಂ ದಾಟುತ್ತೆ, ಸಿ ಜೀವಸತ್ವ 200 ಮಿಲಿಗ್ರಾಂ ದಾಟುತ್ತೆ. ಪೊಟ್ಯಾಸಿಯಂ ಬೇಕು ಅಂದರೆ ಸೇಬಿನಲ್ಲಿರೋದು 107 ಮಿಲಿಗ್ರಾಂ, ಬಾಳೆಹಣ್ಣಿನಲ್ಲಿ ಅದರ ಮೂರು ಪಟ್ಟು. ಇನ್ನು ರಕ್ತ ಆಗುತ್ತೆ ಅಂತ ಸೇಬು ತಿನ್ನಿಸ್ತಾರಲ್ಲ, ಅದಕ್ಕಂತೂ ಆಧಾರವೇ ಇಲ್ಲ. ಕೊಯ್ದ ಹೋಳು ಕಾಲು ಗಂಟೆಯಲ್ಲಿ ಕಂದುಬಣ್ಣಕ್ಕೆ ತಿರುಗೋದನ್ನ ತೋರಿಸಿ, ಕಬ್ಬಿಣ ಇರೋದರಿಂದಲೇ ತುಕ್ಕು ಹಿಡೀತು ಅಂತಾರೆ. ಆಗೋದು ಬೇರೆಯೇ. ಚಾಕು ತಾಗಿದಾಗ ಜೀವಕೋಶ ಒಡೆದು ಪಾಲಿಫಿನಾಲ್ ಅನ್ನೋ ವಸ್ತು ಒಂದು ಕಿಣ್ವದ ಜೊತೆ ಬೆರೆಯುತ್ತೆ, ಗಾಳಿಯ ಆಮ್ಲಜನಕ ಸೇರಿ ಬಣ್ಣ ಬರುತ್ತೆ. ನಿಂಬೆರಸ ಸವರಿದರೆ ಕಂದಾಗೋದು ತಡ ಆಗೋದೂ ಇದೇ ಕಾರಣಕ್ಕೆ, ಹುಳಿಗೆ ಆ ಕಿಣ್ವ ಮಂದವಾಗುತ್ತೆ. ಕಬ್ಬಿಣ ಇರೋದು 100 ಗ್ರಾಂಗೆ 0.12 ಮಿಲಿಗ್ರಾಂ. ಇಷ್ಟು ಸಾಧಾರಣ ಹಣ್ಣಿಗೆ ಅಷ್ಟೊಂದು ಮರ್ಯಾದೆ ಯಾಕೆ?

ಮೇಷ್ಟ್ರು: ನಿನ್ನ ಲೆಕ್ಕದಲ್ಲಿ ತಪ್ಪಿಲ್ಲಮ್ಮ. ಆದರೆ ಸೇಬು ಎಲ್ಲಿಂದ ಬಂತು, ಅದನ್ನ ಯಾರು ಯಾತಕ್ಕೆ ಆರಿಸಿಕೊಂಡರು ಅಂತ ತಿಳೀದೆ ಆ ಲೆಕ್ಕದ ಅರ್ಥ ಆಗೋಲ್ಲ. ಕಜಾಕಸ್ತಾನ, ಕಿರ್ಗಿಸ್ತಾನ, ಚೀನಾ ಸೇರೋ ಕಡೆ ತಿಯಾನ್ ಶಾನ್ ಅನ್ನೋ ಪರ್ವತಸಾಲು ಇದೆ. ಅಲ್ಲಿ ಕಾಡುಸೇಬಿನ ಮರಗಳೇ ಕಾಡಾಗಿ ಬೆಳೆದಿವೆ. 1929ರಲ್ಲಿ ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಅಲ್ಮಾ ಅತಾಕ್ಕೆ, ಅಂದರೆ ಈಗಿನ ಅಲ್ಮಾಟಿಗೆ ಹೋದಾಗ, ಊರ ಸುತ್ತಲಿನ ಆ ಮರಗಳನ್ನ ನೋಡಿ ಸೇಬಿನ ತವರು ಇದೇ ಅಂತ ತೀರ್ಮಾನಿಸಿದರು. 2010ರಲ್ಲಿ ಸೇಬಿನ ಜೀನೋಮ್ ಓದಿದವರೂ ಅದೇ ಮಾತು ಹೇಳಿದರು. ಆ ಕಾಡಿನ ಸೋಜಿಗ ಏನು ಅಂದರೆ, ಅಕ್ಕಪಕ್ಕದ ಎರಡು ಮರದ ಹಣ್ಣು ಒಂದೇ ಥರ ಇರೋಲ್ಲ. ಒಂದರದು ಗೋಲಿ ಗಾತ್ರ, ಬಾಯಿಗಿಟ್ಟರೆ ಒಗರು. ಇನ್ನೊಂದರದು ಸಿಹಿ, ಕೈತುಂಬ ಬರುವಷ್ಟು ದಪ್ಪ. ಕರಡಿಗಳೂ ಕುದುರೆಗಳೂ ದಪ್ಪ ಹಣ್ಣು, ಸಿಹಿ ಹಣ್ಣು ಹುಡುಕಿ ತಿಂದು ಬೀಜ ಹರಡಿದ್ದರಿಂದ, ಮನುಷ್ಯ ಕೈಹಾಕೋ ಮುಂಚೆಯೇ ಸೇಬು ಸೇಬಾಗಿತ್ತು ಅನ್ನೋದು ಕೆಲವು ವಿಜ್ಞಾನಿಗಳ ವಿವರಣೆ. ಆಮೇಲೆ ರೇಷ್ಮೆ ದಾರಿಯ ವರ್ತಕರ ಜೊತೆ ಅದು ಪಶ್ಚಿಮಕ್ಕೆ ನಡೀತು. 2017ರಲ್ಲಿ 117 ಬಗೆಯ ಸೇಬುಗಳ ಡಿಎನ್‌ಎ ಹೋಲಿಸಿದವರಿಗೆ ಕಂಡಿದ್ದೂ ಇದೇ ದಾರಿ. ಯುರೋಪಿಗೆ ಹೋದ ಮೇಲೆ ಅಲ್ಲಿನ ಹುಳಿ ಕಾಡುಸೇಬಿನ ಜೊತೆ ಬೆರಕೆ ಆಗಿ ಈಗ ನಾವು ತಿನ್ನೋ ಹಣ್ಣು ಬಂತು. ಇಷ್ಟು ದೊಡ್ಡ ವಂಶ ಇರೋ ಹಣ್ಣನ್ನ ಸಾಧಾರಣ ಅಂದರೆ ಹೇಗೆ?

ವಿದ್ಯಾರ್ಥಿನಿ: ನೀವು ಹೇಳಿದ ಕಥೆ ನನ್ನ ಕಡೆಗೇ ಸಾಕ್ಷಿ ಹೇಳ್ತಿದೆ, ಸರ್. ಕರಡಿ ಆರಿಸಿದ್ದು ಸಿಹಿಗೆ. ವರ್ತಕ ಆರಿಸಿದ್ದು ಕೆಡದೆ ದೂರ ಬರುತ್ತೆ ಅಂತ. ಇದು ಮೈಗೆ ಒಳ್ಳೇದಾ ಅಂತ ಆ ದಾರೀಲಿ ಯಾರೂ ಕೇಳಿಲ್ಲ. ಅದೂ ಅಲ್ಲದೆ ಸೇಬಿನ ಬೀಜ ಊರಿದರೆ ತಾಯಿಮರದ ಹಣ್ಣು ಬರೋಲ್ಲ, ಕಸಿಯೇ ಕಟ್ಟಬೇಕು. ಸುಮಾರು 2,300 ವರ್ಷದ ಹಿಂದೆ ಗ್ರೀಕರ ಥಿಯೋಫ್ರಾಸ್ಟಸ್‌ಗೂ ಅದು ತಿಳಿದಿತ್ತು. ಹಾಗಾಗಿ ಒಬ್ಬ ಯಾವ ಕಾರಣಕ್ಕೆ ಆರಿಸಿದನೋ ಅದೇ ಗುಣ ಲಕ್ಷಾಂತರ ಮರಗಳಲ್ಲಿ ಅಚ್ಚಾಗಿ ಇಳಿಯುತ್ತೆ. ಡೆಲಿಶಿಯಸ್ ತಳಿಯನ್ನೇ ನೋಡಿ. ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಹೈಯಾಟ್ ಅನ್ನೋ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಮರ ಅದು. 1890ರ ದಶಕದಲ್ಲಿ ಸ್ಟಾರ್ಕ್ ಬ್ರದರ್ಸ್ ನರ್ಸರಿ ಅದರ ಹಕ್ಕು ಕೊಂಡುಕೊಂಡಿತು. ಮೊದಲು ಅದರ ಮೈ ಹಳದಿ, ಮೇಲೆ ಕೆಂಪು ಗೆರೆ. ಆಮೇಲೆ ಯಾವ ಕೊಂಬೆಯಲ್ಲಿ ಇನ್ನೂ ಕೆಂಪು ಹಣ್ಣು ಬಿಡುತ್ತೋ ಆ ಕೊಂಬೆಯನ್ನೇ ಕಸಿ ಕಟ್ಟುತ್ತಾ ಹೋದರು. ಬಣ್ಣ ಏರುತ್ತಾ ಹೋಯ್ತು, ಸಿಪ್ಪೆ ದಪ್ಪ ಆಯ್ತು, ತಿರುಳು ಹಿಟ್ಟುಹಿಟ್ಟಾಯ್ತು. ಕೊನೆಗೆ ತಿನ್ನೋರೇ ಬೇಸತ್ತರು. 2018ರ ಹೊತ್ತಿಗೆ ಅಮೆರಿಕದಲ್ಲಿ ಅದರ ಮೊದಲ ಸ್ಥಾನ ಗಾಲಾ ತಳಿಗೆ ಹೋಯ್ತು. ಕೆಂಪು ಕಂಡು ಮಾರುಹೋಗೋದು ಮಾರುಕಟ್ಟೆಯ ಗುಣ, ಅದನ್ನ ಆರೋಗ್ಯ ಅಂತ ಹೇಗೆ ಒಪ್ಪಲಿ?

ಮೇಷ್ಟ್ರು: ಬಣ್ಣದ ಮಾತು ಒಪ್ಪಿದೆ. ಆದರೆ ಕೆಡದೆ ಉಳಿಯೋದನ್ನ ನೀನು ವ್ಯಾಪಾರದ ಗುಣ ಅಂತ ತಳ್ಳಿಹಾಕ್ತೀಯ. ನನ್ನ ದೃಷ್ಟಿಯಲ್ಲಿ ಅದು ಆಹಾರದ ಗುಣವೇ. ಆರು ತಿಂಗಳು ಹಿಮ ಬೀಳೋ ಊರಿನಲ್ಲಿ ಚಳಿಗಾಲದುದ್ದಕ್ಕೂ ಉಗ್ರಾಣದಲ್ಲಿ ಉಳಿಯೋ ಹಣ್ಣು ಎಷ್ಟಿದ್ದಾವು? ಹೊಟ್ಟೆಗೆ ಸಿಗದ 200 ಮಿಲಿಗ್ರಾಂಗಿಂತ ಸಿಗೋ 5 ಮಿಲಿಗ್ರಾಂ ಮೇಲಲ್ವಾ? ನಮ್ಮ ದೇಶದಲ್ಲೂ ಅದು ಬೇರೂರಿದ್ದು ಇದೇ ಗುಣದಿಂದ. ಫಿಲಡೆಲ್ಫಿಯಾದಿಂದ 1904ರಲ್ಲಿ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್ ಆದವರು, ಶಿಮ್ಲಾ ಬೆಟ್ಟದ ಕೋಟಗಢದಲ್ಲಿ ನೆಲೆನಿಂತು, 1910ರ ದಶಕದಲ್ಲಿ ನೀನು ಬೈದ ಅದೇ ಡೆಲಿಶಿಯಸ್ ಸಸಿ ತರಿಸಿ ನೆಟ್ಟರು. ಬೆಟ್ಟದ ಚೂರುಪಾರು ಹೊಲದಲ್ಲಿ ಕಷ್ಟಪಡುತ್ತಿದ್ದ ರೈತರಿಗೆ ರೊಕ್ಕ ತರೋ ಬೆಳೆ ಬೇಕಿತ್ತು. ಸರಿಯಾದ ರಸ್ತೆಯೇ ಇಲ್ಲದ ಬೆಟ್ಟದಿಂದ ಇಳಿಸಿ, ಬಯಲಿನ ಪೇಟೆ ಸೇರೋವರೆಗೂ ಕೊಳೆಯದೆ ಇರೋ ಹಣ್ಣು ಇದೊಂದೇ. ಅದರಿಂದ ಎಷ್ಟು ಮನೆ ಎದ್ದವು, ಎಷ್ಟು ಮಕ್ಕಳು ಓದಿದರು! ಆ ಕಡೆ ಕಾಶ್ಮೀರದ ಸೋಪೋರ್ ಮಂಡಿ ನಡೆಯೋದೂ ಸೇಬಿನಿಂದಲೇ. ದೇಶದ ಸೇಬಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬೆಳೆಯೋದು ಕಾಶ್ಮೀರದಲ್ಲೇ. ಬೆಳೆದವನಿಗೂ ತಿನ್ನೋವನಿಗೂ ಅಷ್ಟು ದೂರ ಇದ್ದರೂ ಹಣ್ಣು ಗಟ್ಟಿಯಾಗಿ ಬಂದು ಸೇರುತ್ತೆ.

ವಿದ್ಯಾರ್ಥಿನಿ: ಬಂದು ಸೇರುತ್ತೆ ನಿಜ, ಆದರೆ ಯಾವಾಗ ಕೊಯ್ದದ್ದು ಬಂದು ಸೇರುತ್ತೆ? 1920ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಕಿಡ್ ಮತ್ತು ವೆಸ್ಟ್ ಅನ್ನೋ ಇಬ್ಬರು ವಿಜ್ಞಾನಿಗಳು, ಕೊಯ್ದ ಹಣ್ಣೂ ಉಸಿರಾಡುತ್ತೆ, ಆ ಉಸಿರನ್ನ ನಿಧಾನ ಮಾಡಿದರೆ ಹಣ್ಣು ಹೆಚ್ಚು ದಿನ ಬಾಳುತ್ತೆ ಅಂತ ತೋರಿಸಿದರು. ಈಗಿನ ಸಿಎ ಸ್ಟೋರ್ ಅಂತಾರಲ್ಲ, ಅಲ್ಲಿ ಗಾಳಿಯಲ್ಲಿ ಶೇಕಡಾ 21ರಷ್ಟಿರೋ ಆಮ್ಲಜನಕವನ್ನ 2–3ಕ್ಕೆ ಇಳಿಸಿ, ಥಂಡಿಯನ್ನ ಸೊನ್ನೆ ಡಿಗ್ರಿಯ ಹತ್ತಿರ ಇಟ್ಟು ತಿಂಗಳುಗಟ್ಟಲೆ ಹಣ್ಣನ್ನ ನಿದ್ದೆ ಮಾಡಿಸ್ತಾರೆ. ಬೇಸಿಗೆಯಲ್ಲಿ ನಮ್ಮ ಅಂಗಡಿಯಲ್ಲಿ ಹೊಳೆಯೋ ಕಾಶ್ಮೀರಿ ಸೇಬು ಹಿಂದಿನ ಶರತ್ಕಾಲದಲ್ಲಿ ಮರ ಬಿಟ್ಟದ್ದು. ಮೊದಲೇ ಕಡಿಮೆ ಇದ್ದ ಸಿ ಜೀವಸತ್ವ ಅಷ್ಟರಲ್ಲಿ ಇನ್ನೂ ಇಳಿದಿರುತ್ತೆ. ಹಿಮದ ಊರಿನವರಿಗೆ ಇದು ಅನಿವಾರ್ಯ, ನಾನೂ ಒಪ್ತೀನಿ. ನಮಗೇನು ಬಂದಿದೆ? ಮಾವು, ಹಲಸು, ನೇರಳೆ, ಸೀತಾಫಲ, ಸೀಬೆ, ಬೋರೆ, ವರ್ಷಪೂರ್ತಿ ಬಾಳೆ ಪರಂಗಿ. ಒಂದು ಮುಗಿಯೋ ಮುಂಚೆ ಇನ್ನೊಂದು ಬರುತ್ತೆ. ಹಿತ್ತಲ ಗಿಡ ಮದ್ದಲ್ಲ ಅಂತ ಅವನ್ನೆಲ್ಲ ಬಿಟ್ಟು ಎಂಟು ತಿಂಗಳ ಹಳೆ ಹಣ್ಣನ್ನ, ಅದೂ ಮೇಣ ಸವರಿದ್ದನ್ನ, ತಿನ್ನಬೇಕಾ?

ಮೇಷ್ಟ್ರು: ಮೇಣದ ಭಯ ಬಿಡು. ಮರದಲ್ಲಿದ್ದಾಗಲೇ ಸೇಬಿನ ಮೈಮೇಲೆ ಅದರದೇ ಮೇಣ ಇರುತ್ತೆ. ತೊಳೆದಾಗ ಅದು ಹೋಗುತ್ತೆ ಅಂತ ಮೇಲೆ ಅರಗಿನದ್ದೋ ಕಾರ್ನೌಬಾ ಅನ್ನೋ ತಾಳೆಯ ಎಲೆಯದ್ದೋ ಮೇಣ ತೆಳ್ಳಗೆ ಸವರ್ತಾರೆ. ಕಾನೂನು ಒಪ್ಪಿದ, ತಿನ್ನಬಹುದಾದ ಮೇಣ ಅದು. ಉಗುರಲ್ಲಿ ಕೆರೆದು ಬಿಳಿ ಪುಡಿ ತೋರಿಸಿ ವಿಷ ಅನ್ನೋರ ಮಾತು ಕೇಳಿ ಜನ ಸಿಪ್ಪೆಯನ್ನೇ ಹೆರೆದು ಎಸೀತಾರೆ. ದುಃಖದ ವಿಷಯ ಅದು. ಕ್ವೆರ್ಸಿಟಿನ್‌ನಂಥ ಒಳ್ಳೆಯ ಅಂಶ ಹೆಚ್ಚಾಗಿ ಇರೋದು ಆ ಸಿಪ್ಪೆಯಲ್ಲೇ, ಶೈತ್ಯಾಗಾರದಲ್ಲಿಟ್ಟರೂ ಅದು ಹೆಚ್ಚು ಕುಗ್ಗೋಲ್ಲ. ಚೆನ್ನಾಗಿ ತೊಳೆದು ಸಿಪ್ಪೆ ಸಮೇತ ಅಗಿದು ತಿನ್ನಬೇಕು. ಅಗಿಯೋದರಲ್ಲೇ ಸೇಬಿನ ಗುಟ್ಟು ಇರೋದು. 1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂತು. ಹತ್ತು ಜನರಿಗೆ ಒಂದೇ ಪ್ರಮಾಣದ ಸಕ್ಕರೆ ಇರೋ ಸೇಬನ್ನ ಒಮ್ಮೆ ಇಡಿಯಾಗಿ, ಒಮ್ಮೆ ಅರೆದು, ಒಮ್ಮೆ ರಸವಾಗಿ ಕೊಟ್ಟರು. ಇಡೀ ಹಣ್ಣು ತಿನ್ನೋದಕ್ಕೆ ಹಿಡಿದ ಹೊತ್ತಿನ ಹನ್ನೊಂದನೇ ಒಂದು ಪಾಲಿನಲ್ಲಿ ರಸ ಖಾಲಿ. ಹೊಟ್ಟೆ ತುಂಬಿದ ಹಾಗೆ ಅನ್ನಿಸಿದ್ದು ಇಡೀ ಹಣ್ಣು ತಿಂದಾಗ. ರಸ ಕುಡಿದಾಗ ಇನ್ಸುಲಿನ್ ಹೆಚ್ಚು ಏರಿ, ಆಮೇಲೆ ರಕ್ತದ ಸಕ್ಕರೆ ಮೊದಲಿದ್ದದ್ದಕ್ಕಿಂತ ಕೆಳಗೆ ಕುಸೀತು. ಹಣ್ಣು ಅದೇ, ಸಕ್ಕರೆ ಅದೇ, ನಡೆ ಬೇರೆ. ನಿನ್ನ ಪಟ್ಟಿ ಇದನ್ನ ಹೇಳುತ್ತಾ?

ವಿದ್ಯಾರ್ಥಿನಿ: ಹೇಳೋಲ್ಲ. ಇದು ನಿಮ್ಮ ಗಟ್ಟಿ ವಾದ.

ಮೇಷ್ಟ್ರು: ಇನ್ನೆರಡು ಕೇಳು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಅಮೆರಿಕದ ದಾದಿಯರೂ ಸೇರಿದಂತೆ 1,87,382 ಆರೋಗ್ಯ ಸಿಬ್ಬಂದಿಯ ಊಟತಿಂಡಿಯನ್ನ ವರ್ಷಗಟ್ಟಲೆ ಗಮನಿಸಿದ ಲೆಕ್ಕ ಬಂತು. ವಾರಕ್ಕೆ ಮೂರು ಸಲ ಸೇಬನ್ನೋ ಪೇರ್ ಹಣ್ಣನ್ನೋ ತಿನ್ನೋರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಸಂಭವ ಶೇಕಡಾ 7ರಷ್ಟು ಕಡಿಮೆ; ಅಷ್ಟೇ ಸಲ ಹಣ್ಣಿನ ರಸ ಕುಡಿಯೋರಲ್ಲಿ ಶೇಕಡಾ 8ರಷ್ಟು ಹೆಚ್ಚು. ಇನ್ನೊಂದು, ಕೊಲೆಸ್ಟರಾಲ್ ಸ್ವಲ್ಪ ಏರಿದ್ದ 40 ಜನರಿಗೆ ಎಂಟು ವಾರ ದಿನಕ್ಕೆ ಎರಡು ಸೇಬು ಕೊಟ್ಟು, ಇನ್ನೆಂಟು ವಾರ ಅಷ್ಟೇ ಸಕ್ಕರೆಯ ಪಾನೀಯ ಕೊಟ್ಟು ನೋಡಿದರು. ಸೇಬು ತಿಂದ ವಾರಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ತುಸು ಇಳಿದಿತ್ತು. ಅದರ ಪೆಕ್ಟಿನ್ ಅನ್ನೋ ನಾರು ಕರುಳಿನಲ್ಲಿ ಲೋಳೆಯಾಗಿ ಪಿತ್ತದ ಆಮ್ಲಗಳನ್ನ ಹಿಡಿದಿಟ್ಟುಕೊಳ್ಳುತ್ತೆ, ಆ ಆಮ್ಲಗಳನ್ನ ಮತ್ತೆ ತಯಾರು ಮಾಡೋಕೆ ಪಿತ್ತಜನಕಾಂಗ ರಕ್ತದ ಕೊಲೆಸ್ಟರಾಲ್ ಖರ್ಚು ಮಾಡುತ್ತೆ. ಕಾರಣವೂ ಇದೆ, ಫಲವೂ ಕಾಣುತ್ತೆ.

ವಿದ್ಯಾರ್ಥಿನಿ: ಎರಡರ ಬೆಲೆಯೂ ಒಂದೇ ಅಲ್ಲ, ಸರ್. ದಾದಿಯರ ಲೆಕ್ಕ ಬರೀ ಗಮನಿಸಿದ್ದು. ಸೇಬು ತಿನ್ನೋರು ಸಿಗರೇಟು ಕಡಿಮೆ ಸೇದ್ತಾರೆ, ಹೆಚ್ಚು ಓಡಾಡ್ತಾರೆ, ಕೈಯಲ್ಲಿ ನಾಲ್ಕು ಕಾಸು ಇರುತ್ತೆ. ಎಷ್ಟೇ ಸರಿದೂಗಿಸಿದರೂ ಅದರ ನೆರಳು ಪೂರ್ತಿ ಹೋಗೋಲ್ಲ. ದಿನಕ್ಕೊಂದು ಸೇಬು ತಿಂದರೆ ವೈದ್ಯರು ದೂರ ಅನ್ನೋ ಗಾದೆಯನ್ನೇ 2015ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದರು. 1866ರಷ್ಟು ಹಿಂದೆಯೇ ವೇಲ್ಸ್ ಕಡೆಯ ಮಾತು ಅಂತ ಅಚ್ಚಾಗಿದ್ದ ಗಾದೆ ಅದು. 8,399 ಜನರಲ್ಲಿ ದಿನಾ ಸೇಬು ತಿನ್ನೋರು 753. ವಯಸ್ಸು, ಓದು, ತೂಕ ಎಲ್ಲ ಸರಿದೂಗಿಸಿದ ಮೇಲೆ ನೋಡಿದರೆ ವೈದ್ಯರ ಹತ್ತಿರ ಹೋಗೋದರಲ್ಲಿ ವ್ಯತ್ಯಾಸ ಇಲ್ಲ, ಚೀಟಿ ಬರೆಸಿಕೊಳ್ಳೋ ಔಷಧಿ ಮಾತ್ರ ಸ್ವಲ್ಪ ಕಡಿಮೆ. ನಲವತ್ತು ಜನರದು ಪ್ರಯೋಗ, ಅದನ್ನ ಒಪ್ಪೋಣ. ಆದರೆ ಅಲ್ಲಿ ಹೋಲಿಸಿದ್ದು ಸಕ್ಕರೆ ನೀರಿನ ಜೊತೆ. ಸೀಬೆಹಣ್ಣಿನ ಜೊತೆ ಹೋಲಿಸಲಿಲ್ಲವಲ್ಲ! ಅಗಿದು ತಿನ್ನೋದು, ನಾರು ಇರೋದು, ಸಕ್ಕರೆ ನಿಧಾನವಾಗಿ ಇಳಿಯೋದು, ಇವೆಲ್ಲ ಇಡೀ ಹಣ್ಣುಗಳ ಒಟ್ಟು ಪುಣ್ಯ. ಅದರ ಫಲವನ್ನ ಸೇಬು ಒಂದೇ ತನ್ನ ಖಾತೆಗೆ ಜಮಾ ಮಾಡಿಕೊಂಡಿದೆ ಅನ್ನೋದೇ ನನ್ನ ತಕರಾರು. ಇನ್ನೊಂದು, ಸೇಬಿನಲ್ಲಿ ಫ್ರುಕ್ಟೋಸ್ ಮತ್ತು ಸಾರ್ಬಿಟಾಲ್ ಜಾಸ್ತಿ. ಕರುಳು ಸೂಕ್ಷ್ಮ ಇರೋರಿಗೆ ಅದರಿಂದಲೇ ಹೊಟ್ಟೆ ಉಬ್ಬರಿಸುತ್ತೆ. ಎಲ್ಲರಿಗೂ ಸೌಮ್ಯವಾದ ಹಣ್ಣು ಅಂತಲೂ ಹೇಳೋ ಹಾಗಿಲ್ಲ.

ಮೇಷ್ಟ್ರು: ಒಟ್ಟು ಪುಣ್ಯ ಅಂದೆಯಲ್ಲ, ಆ ಪುಣ್ಯದ ಸಾಕ್ಷಿ ಒದಗಿಸಿದ್ದೂ ಸೇಬೇ ಅನ್ನೋದು ನೆನಪಿಡು. ಜನ ದಿನಾ ತಿನ್ನೋ ಹಣ್ಣು, ವರ್ಷವಿಡೀ ಸಿಗೋ ಹಣ್ಣು ಆಗಿದ್ದಕ್ಕೇ ಅದರ ಮೇಲೆ ಅಷ್ಟು ಸಂಶೋಧನೆ ಆಯ್ತು. ಇನ್ನು ಸೀಬೆ ನಮ್ಮದು, ಸೇಬು ಪರದೇಶಿ ಅನ್ನೋ ಭಾವನೆ ನಿನ್ನ ಮಾತಿನಲ್ಲಿದೆ. ಸೀಬೆ, ಪರಂಗಿ, ಸೀತಾಫಲ ಮೂರೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದಿದ್ದು. ಸೇಬಿನ ತವರೇ ನಮಗೆ ಹತ್ತಿರ. ನಕ್ಷೆಯಲ್ಲಿ ಗೆರೆ ಎಳೆದು ನೋಡು, ಶ್ರೀನಗರಕ್ಕೆ ಬೆಂಗಳೂರಿಗಿಂತ ಅಲ್ಮಾಟಿಯೇ ಸಮೀಪ. ಕಾಯಿಲೆ ಬಿದ್ದು ಬಾಯಿ ರುಚಿ ಕೆಟ್ಟವರ ಮಾತು ತಗೋ. ಸೀಬೆಯ ಬೀಜ ಅವರ ಹಲ್ಲಿಗೆ ಆಗೋಲ್ಲ, ಹಲಸು ಅರಗೋಲ್ಲ ಅಂತಾರೆ, ಮಾವು ಎಲ್ಲ ಕಾಲಕ್ಕೂ ಇರೋಲ್ಲ. ಸೇಬನ್ನ ತೆಳ್ಳಗೆ ಹೆಚ್ಚಿಕೊಡಬಹುದು, ಬೇಯಿಸಿ ಮಸೆದು ಕೊಡಬಹುದು, ಉಳಿದದ್ದು ಮಂಚದ ಪಕ್ಕ ನಾಲ್ಕು ದಿನ ಇದ್ದರೂ ಕೊಳೆಯೋಲ್ಲ. ಅದು ಔಷಧಿ ಅಂತ ನಾನೂ ಹೇಳೋಲ್ಲ. ನಿರಪಾಯವಾಗಿ, ನಂಬಿಕೆಯಿಂದ ಕೊಡಬಹುದಾದ ಹಣ್ಣು ಅಂತ ಹೇಳ್ತೀನಿ. ಮರ್ಯಾದೆ ಗಳಿಸೋಕೆ ಅಷ್ಟು ಸಾಲದಾ?

ವಿದ್ಯಾರ್ಥಿನಿ: ಕೊಡೋವರ ಕೈಯಲ್ಲಿ ದುಡ್ಡು ಇದ್ದರೆ ಸಾಕು. ಇಲ್ಲದವರ ಮನೆಯಲ್ಲಿ ಈ ಮರ್ಯಾದೆಯೇ ತೊಂದರೆ ಕೊಡುತ್ತೆ. ಸಾಮಾನ್ಯವಾಗಿ ಒಂದು ಕಿಲೋ ಸೇಬಿನ ದುಡ್ಡಿಗೆ ಸೀಬೆಯೋ ಬಾಳೆಯೋ ಒಂದು ಕಿಲೋಗಿಂತ ಹೆಚ್ಚೇ ಬರುತ್ತೆ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕೂಲಿ ಮಾಡೋ ತಾಯಿ ತನ್ನ ನಾಲ್ಕು ಮಕ್ಕಳಿಗೆ ಒಳ್ಳೇದಾಗಲಿ ಅಂತ ಒಂದೇ ಒಂದು ಸೇಬು ತಂದು ನಾಲ್ಕು ಹೋಳು ಮಾಡಿ ಹಂಚಿದರೆ, ತಲೆಗೆ ಬರೋದು ನಲವತ್ತು ಐವತ್ತು ಗ್ರಾಂ. ಅದೇ ದುಡ್ಡಿಗೆ ನಾಲ್ಕೂ ಮಕ್ಕಳ ಕೈಗೆ ಒಂದೊಂದು ಬಾಳೆಹಣ್ಣು ಬರ್ತಿತ್ತು. ಅವಳು ಲೆಕ್ಕ ತಪ್ಪಿದ್ದು ದಡ್ಡತನದಿಂದ ಅಲ್ಲ. ಪಠ್ಯಪುಸ್ತಕದ ಚಿತ್ರದಿಂದ ಹಿಡಿದು ಔಷಧಿ ಅಂಗಡಿಯ ಜಾಹೀರಾತಿನ ತನಕ ಆರೋಗ್ಯ ಅಂದರೆ ಸೇಬು ಅಂತ ಅವಳಿಗೆ ಎಲ್ಲರೂ ತೋರಿಸಿದ್ದಾರೆ. ಹಣ್ಣಿನ ತಪ್ಪು ಇಲ್ಲ ಇಲ್ಲಿ, ಪಟ್ಟ ಕಟ್ಟಿದವರದ್ದು.

ಮೇಷ್ಟ್ರು: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಎದುರು ಪ್ರಶ್ನೆ ಇದೆ. ಹಳೆ ಡೆಲಿಶಿಯಸ್ ತಳಿಗಳಿಗೆ ಸಾವಿರ ಗಂಟೆಗೂ ಮೇಲೆ ಚಳಿ ಬೇಕು. ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ, 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ಅಷ್ಟು ಚಳಿ ಬೇಡದ ಎಚ್‌ಆರ್‌ಎಂಎನ್-99 ಅನ್ನೋ ತಳಿ ಮಾಡಿದರು. ಈಗ ಅದರ ಸಸಿ ಕರ್ನಾಟಕಕ್ಕೂ ಬಂದಿದೆ. ನಾಳೆ ಅದು ಇಲ್ಲಿ ನೆಲೆಯೂರಿ ಬೆಲೆ ಇಳಿದರೆ ನಿನ್ನ ತಕರಾರಿನ ಅರ್ಧ ಹೋಗುತ್ತೆ.

ವಿದ್ಯಾರ್ಥಿನಿ: ಅರ್ಧ ಹೋಗುತ್ತೆ, ಒಪ್ಪಿದೆ. ಬೆಲೆ ಇಳಿದರೂ ಅದರೊಳಗಿನ ಸಿ ಜೀವಸತ್ವ ಏರೋಲ್ಲ. ನಾನು ಕೇಳ್ತಿರೋದು ಸೇಬಿಗೆ ಇಲ್ಲಿ ಜಾಗ ಕೊಡಬೇಡಿ ಅಂತಲ್ಲ, ಆ ಪಟ್ಟವನ್ನ ಸೀಬೆ, ನೆಲ್ಲಿ, ಬಾಳೆಗಳ ಜೊತೆ ಹಂಚಿಕೊಳ್ಳಲಿ ಅಂತ.

ಮೇಷ್ಟ್ರು: ಹಂಚಿದರೆ ಏನಾಗುತ್ತೆ ಯೋಚಿಸಿದ್ದೀಯಾ? ಹಣ್ಣಾದ ಸೀಬೆ ಹೊರಗಿಟ್ಟರೆ ನಾಲ್ಕಾರು ದಿನದಲ್ಲಿ ಮೆತ್ತಗಾಗುತ್ತೆ. ಅದಕ್ಕೂ ಊರೂರಲ್ಲಿ ಬೇಡಿಕೆ ಬಂದರೆ ವ್ಯಾಪಾರಿ ಸುಮ್ಮನಿರೋಲ್ಲ. ಗಟ್ಟಿಯಾಗಿ ಉಳಿಯೋದನ್ನ, ನುಣ್ಣಗೆ ಕಾಣೋದನ್ನ, ಬೀಜ ಕಡಿಮೆ ಇರೋದನ್ನ ಆರಿಸ್ತಾ ಹೋಗ್ತಾನೆ. ಡೆಲಿಶಿಯಸ್‌ಗೆ ಏನಾಯ್ತು ಅಂತ ನೀನೇ ಹೇಳಿದೆ. ಪಟ್ಟ ಕಟ್ಟಿಸಿಕೊಂಡ ಹಣ್ಣಿಗೆ ಆ ದಾರಿ ತಪ್ಪಿದ್ದಲ್ಲ.

ವಿದ್ಯಾರ್ಥಿನಿ: ದೂರ ಕಳಿಸೋಕೆ ಹೊರಟರೆ ತಪ್ಪಿದ್ದಲ್ಲ. ಸೀಬೆ ದೂರ ಹೋಗಲೇಬೇಕು ಅಂತ ಏನಿದೆ? ಆಯಾ ಕಾಲಕ್ಕೆ, ಆಯಾ ಊರ ಸಂತೆಯಲ್ಲೇ ಮಾರಿಹೋಗಲಿ. ಕಾಲ ಮುಗೀತು ಅಂದರೆ ಮುಂದಿನ ಹಣ್ಣಿಗೆ ಹೋಗೋಣ.

ಮೇಷ್ಟ್ರು: ಸಂತೆ ಇರೋ ಊರಿಗೆ ಸರಿ. ಸಂತೆಯೂ ತೋಟವೂ ಇಲ್ಲದ ನಗರದ ಬಡಾವಣೆಯಲ್ಲಿ, ತಿಂಗಳಿಗೊಮ್ಮೆ ಸಾಮಾನು ತರೋ ಮನೆಯಲ್ಲಿ, ಕೆಡದೆ ಉಳಿಯೋ ಹಣ್ಣೇ ಹಣ್ಣು.

ವಿದ್ಯಾರ್ಥಿನಿ: ಹಾಗಿದ್ದರೆ ಹಣ್ಣನ್ನ ಬದಲಾಯಿಸೋ ಮುಂಚೆ ನಾವು ಸಾಮಾನು ತರೋ ರೀತಿ ಬದಲಾಯಿಸಬಹುದಾ ಅಂತ ನೋಡಬೇಕು, ಸರ್. ತಳ್ಳುಗಾಡಿ ಇನ್ನೂ ಬೀದಿಗೆ ಬರ್ತಿದೆ.

ಮೇಷ್ಟ್ರು: ಬರ್ತಿದೆ. ಆದರೆ ಆ ಗಾಡಿಯವನೂ ಮುಂದೆ ಜೋಡಿಸಿರೋದು ಸೇಬನ್ನೇ. ಸಂಜೆವರೆಗೆ ಬಿಸಿಲಲ್ಲಿ ನಿಂತು ಮಾರದೆ ಉಳಿದರೆ ಯಾವ ಹಣ್ಣಿನಲ್ಲಿ ತನಗೆ ನಷ್ಟ ಕಡಿಮೆ ಅನ್ನೋದು ಅವನಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಸೀಬೆಯನ್ನ ಅವನು ಮುಂದೆ ಇಡಬೇಕು ಅಂದರೆ ಅವನ ನಷ್ಟ ಯಾರು ತುಂಬಿಕೊಡ್ತಾರೆ ಅನ್ನೋದನ್ನ ಮೊದಲು ಹೇಳು, ಆಮೇಲೆ ಪಟ್ಟದ ಮಾತಾಡೋಣ.